ಗೋಡೆಯ ಮೇಲಣ ಕಡಲು

ನಮ್ಮ ನಡುಮನೆಯ ಪೂರ್ವದ ಗೋಡೆಯ ಮೇಲೆ ಆರು ವರ್ಷಗಳಿಂದ ಒಂದು ಪಟ ತೂಗುತ್ತಿದೆ. ಅದರಲ್ಲಿ ದೇವರಿಲ್ಲ, ಹಿರಿಯರಿಲ್ಲ, ಹೂವಿಲ್ಲ, ಹಕ್ಕಿಯಿಲ್ಲ. ಮನುಷ್ಯನ ಸುಳಿವಂತೂ ಇಲ್ಲವೇ ಇಲ್ಲ. ಇರುವುದು ಬಂಡೆ ಮತ್ತು ನೀರು. ಮೇಲ್ತುದಿಯಲ್ಲಿ ನಾಲ್ಕು ಬೆರಳಿನಷ್ಟು ಆಕಾಶ. ಇಂಥ ಪಟವನ್ನು ಸಂಸಾರಸ್ಥರು ಹಣ ಕೊಟ್ಟು ತರುವುದುಂಟೆ ಎಂದು ನಮ್ಮನ್ನು ಕೇಳಿದವರು ಅನೇಕರು. ನಾವು ಹಣ ಕೊಟ್ಟು ತಂದುದಲ್ಲ. ವ್ಯಾಸಂಗಕ್ಕೆಂದು ಪ್ಯಾರಿಸಿಗೆ ಹೋಗಿದ್ದ ಮಿತ್ರರೊಬ್ಬರ ಮಗನು ಅಲ್ಲಿಯ ಓರ್ಸೆ ಸಂಗ್ರಹಾಲಯದಲ್ಲಿ ಮಾರುವ ಅಚ್ಚಿನ ಪ್ರತಿಯೊಂದನ್ನು ಸುರುಳಿ ಸುತ್ತಿ, ಕಾಗದದ ಕೊಳವೆಯಲ್ಲಿಟ್ಟು ತಂದು ನಮಗೆ ಉಡುಗೊರೆ ಕೊಟ್ಟನು. ಉಡುಗೊರೆಗಿಂತ ಚೌಕಟ್ಟಿನ ಖರ್ಚು ಹೆಚ್ಚಾಯಿತು. ಆದರೂ ಹುಡುಗನ ಪ್ರೀತಿಯನ್ನು ಬೀರುವಿನ ತಲೆಯ ಮೇಲೆ ಎಸೆಯುವುದು ನಮ್ಮಿಂದಾಗಲಿಲ್ಲ.

ಪಟವನ್ನು ಗೋಡೆಗೇರಿಸಿದ ದಿನ ನಮ್ಮ ಗೃಹಿಣಿಯವರು ಅಡುಗೆಮನೆಯಿಂದ ಸೆರಗಿಗೆ ಕೈಯೊರಸಿಕೊಳ್ಳುತ್ತಾ ಬಂದು ನಿಂತು ನೋಡಿ, “ಇದ್ದಲ ರಾಶಿಯ ಮೇಲೆ ಸಾಬೂನಿನ ನೀರು ಚೆಲ್ಲಿದ ಹಾಗಿದೆ” ಎಂದರು. ಕಲಾವಿಮರ್ಶಕರು ಇಷ್ಟು ಸಂಕ್ಷೇಪವಾಗಿ ಮಾತು ಮುಗಿಸಿದುದನ್ನು ನಾವು ಕಂಡಿಲ್ಲ. ನೆರೆಮನೆಯ ಹಿರಿಯರೊಬ್ಬರು ದೀಪ ಹಚ್ಚುವ ಹೊತ್ತಿನಲ್ಲಿ ಇಂಥದು ಕಣ್ಣಿಗೆ ಬೀಳಬಾರದೆಂದರು. ಮಕ್ಕಳು ಮಾತ್ರ ಯಾವ ಅಭಿಪ್ರಾಯವನ್ನೂ ಕೊಡದೆ, ಬಂಡೆಗಳಲ್ಲಿ ಆನೆಯ ತಲೆಯನ್ನೂ ಮುದುಕಿಯ ಮೂಗನ್ನೂ ಹುಡುಕಿ ಕಂಡುಹಿಡಿದು ಸುಮ್ಮನಾದರು.

ಪಟದ ವಿಚಾರವಾಗಿ ನಾಲ್ಕು ಮಾತು ಮೊದಲು ಹೇಳಬೇಕಾಗಿದೆ. ಇದನ್ನು ಬರೆದವನು ಕ್ಲೋಡ್ ಮೊನೆ ಎಂಬ ಫ್ರಾನ್ಸ್ ದೇಶದ ಚಿತ್ರಕಾರ. ಹುಟ್ಟಿದ್ದು 1840, ತೀರಿಕೊಂಡದ್ದು 1926. ನೈದಿಲೆಯ ಕೊಳಗಳನ್ನು ಬರೆದವನೆಂದು ಲೋಕವೆಲ್ಲ ಬಲ್ಲ ಹೆಸರು. ನಮ್ಮ ಪಟದ ಮೂಲವನ್ನು ಅವನು 1886ರಲ್ಲಿ, ಬ್ರಿಟನಿ ಪ್ರಾಂತದ ದಕ್ಷಿಣದ ಕರಾವಳಿಗೆ ಎದುರಾಗಿ ಅಟ್ಲಾಂಟಿಕ್ ಸಾಗರದಲ್ಲಿರುವ ಬೆಲ್-ಈಲ್ ಎಂಬ ದ್ವೀಪದಲ್ಲಿ ಬರೆದನು. ಹೆಸರಿಗೆ ಚೆಲುವಿನ ದ್ವೀಪವೆಂದರ್ಥ. ಉದ್ದ ಸುಮಾರು 17 ಕಿಲೋಮೀಟರು, ಅಗಲ ಹೆಚ್ಚೆಂದರೆ 9. ನೆಲನಾಡಿನ ಕಡೆಗಿರುವ ಅದರ ಮಗ್ಗುಲು ಸೌಮ್ಯವಾದದ್ದು. ಊರು, ಬಂದರು, ಮರಳದಂಡೆ ಎಲ್ಲವೂ ಅತ್ತ. ಸಾಗರಕ್ಕೆ ಮುಖವಾಗಿರುವ ಪಡುವಣ ಮಗ್ಗುಲಿಗೆ ಮಾತ್ರ ಆ ಜನ ‘ಕೋತ್ ಸೋವಾಜ್’ ಎನ್ನುತ್ತಾರೆ. ಎಂದರೆ ಪಳಗದ ಕರೆ. ತಡೆಯೆಂಬುದಿಲ್ಲದೆ ಬರುವ ಅಲೆ ಅಲ್ಲಿ ಪದರುಗಲ್ಲನ್ನು ಸೀಳಿ, ಗವಿ ಕೊರೆದು, ಕಡಲ ನಡುವೆ ಸೂಜಿಯಂಥ ಕಂಬಗಳನ್ನು ಒಂಟಿಯಾಗಿ ನಿಲ್ಲಿಸಿದೆ. ಅವುಗಳಲ್ಲಿ ಹೆಸರಾದುವು ಇರುವ ಎಡೆಗೆ ‘ಹತ್ತಿಯ ರೇವು’ ಎಂಬರ್ಥದ ಹೆಸರು. ಬಿರುಗಾಳಿಯ ದಿನ ನೊರೆ ಕಿತ್ತುಕೊಂಡು ಅರಳೆಯಂತೆ ಹಾರುವುದರಿಂದ ಆ ಹೆಸರು ಬಂದಿತಂತೆ. ಮೂಲಚಿತ್ರ ದೊಡ್ಡದೇನಲ್ಲ; ಎತ್ತರ ಸುಮಾರು 65 ಸೆಂಟಿಮೀಟರು, ಅಗಲ 81. ಚಿತ್ರಕಾರನ ಗೆಳೆಯನೂ ಸ್ವತಃ ಚಿತ್ರಕಾರನೂ ಆಗಿದ್ದ ಗುಸ್ತಾವ್ ಕಯ್ಬೊತ್ ಎಂಬಾತನು ಇದನ್ನು ಕೊಂಡಿಟ್ಟುಕೊಂಡಿದ್ದನು. 1894ರಲ್ಲಿ ಅವನು ತೀರಿಕೊಂಡಾಗ ತನ್ನ ಸಂಗ್ರಹವನ್ನೆಲ್ಲ ಸರ್ಕಾರಕ್ಕೆ ಬಿಟ್ಟುಹೋದನು. ಸರ್ಕಾರ ಬಹಳ ಅನುಮಾನಿಸಿ, ಚೌಕಾಸಿ ಮಾಡಿ, ಒಂದು ಪಾಲನ್ನು ಮಾತ್ರ ಒಪ್ಪಿಕೊಂಡಿತು. ಪುಕ್ಕಟೆ ಕೊಟ್ಟದ್ದನ್ನು ತೆಗೆದುಕೊಳ್ಳಲು ಹಿಂದೆಮುಂದೆ ನೋಡುವ ಸರ್ಕಾರಗಳು ಎಲ್ಲ ದೇಶದಲ್ಲೂ ಇದ್ದುವೆಂದು ತಿಳಿದು ನಮಗೆ ಒಂದು ಬಗೆಯ ಸಮಾಧಾನವಾಯಿತು.

ಮೂಲವನ್ನು ನಾವು ಕಂಡವರಲ್ಲ. ನಮ್ಮ ಬಳಿಯಿರುವುದು ಅಚ್ಚು; ಅದರ ಬಣ್ಣ ಮೂಲದ ಬಣ್ಣಕ್ಕೆ ನೆರಳಿದ್ದಂತೆ. ಆದರೆ ಆರು ವರ್ಷ ಒಂದೇ ನೆರಳನ್ನು ನೋಡಿದವರಿಗೆ ಅದರ ಒಡೆಯನ ನಡಿಗೆಯಾದರೂ ಪರಿಚಯವಾಗದೆ ಇರಲಾರದು.

ಈ ಪಟದ ಮುಂದೆ ನಿಂತವರಿಗೆ ಒಳಗೊಳಗೇ ಒಂದು ಅಳುಕು ಹುಟ್ಟುವುದುಂಟು. ಅದು ಎಲ್ಲಿಂದ ಬಂದಿತು? ಬಂಡೆಯಿಂದ, ಕಡಲಿನಿಂದ ಎಂದರೆ ಉತ್ತರವಾಗಲಿಲ್ಲ. ಬಂಡೆ ಕಡಲುಗಳನ್ನು ನಾವು ಕ್ಯಾಲೆಂಡರುಗಳಲ್ಲಿ ನೂರಾರು ಕಂಡಿದ್ದೇವೆ. ಅವುಗಳಿಂದ ತಾರೀಖಿನ ಹೊರತು ಇನ್ನೇನೂ ಮನಸ್ಸಿಗೆ ಇಳಿದುದಿಲ್ಲ. ಈ ಪಟದ ಗುಟ್ಟು ಬೇರೆ ಕಡೆಯಲ್ಲಿದೆ. ಸಾಮಾನ್ಯವಾಗಿ ಕಡಲನ್ನು ಬರೆಯುವವರು ಪಟದ ಅರ್ಧವನ್ನೋ ಅದಕ್ಕಿಂತ ಹೆಚ್ಚನ್ನೋ ಆಕಾಶಕ್ಕೆ ಬಿಟ್ಟುಕೊಡುತ್ತಾರೆ. ಆಕಾಶವಿದ್ದಲ್ಲಿ ಉಸಿರಾಡಲು ಎಡೆಯುಂಟು. ಇವನು ನೀರು ಬಾನು ಕೂಡುವ ಗೆರೆಯನ್ನು ಮೇಲಕ್ಕೆ, ಚೌಕಟ್ಟಿನ ಹತ್ತಿರಕ್ಕೆ ತಳ್ಳಿಬಿಟ್ಟಿದ್ದಾನೆ. ಅದರಿಂದಾಗಿ ನೀರು ನಮ್ಮಿಂದ ದೂರಕ್ಕೆ ಹರಡಿದಂತೆ ಕಾಣದೆ, ನಮ್ಮೆದುರಿಗೆ ಗೋಡೆಯಂತೆ ಎದ್ದುನಿಂತಂತೆ ಕಾಣುತ್ತದೆ. ಈ ಉಪಾಯವನ್ನು ಅವನು ಜಪಾನಿನ ಮರದಚ್ಚಿನ ಚಿತ್ರಗಳಿಂದ ಕಲಿತನೆಂದು ಬಲ್ಲವರ ಮತ. ಹೊಕುಸಾಯಿ, ಹಿರೋಶಿಗೆ ಮೊದಲಾದವರ ಅಂಥ ಚಿತ್ರಗಳನ್ನು ಅವನು ಇನ್ನೂರಕ್ಕೂ ಮೀರಿ ಕೂಡಿಟ್ಟಿದ್ದು, ಜಿವೆರ್ನಿಯಲ್ಲಿನ ತನ್ನ ಊಟದ ಮನೆಯ ಗೋಡೆಗಳಲ್ಲೆಲ್ಲ ತೂಗಹಾಕಿದ್ದನು. ಅವನ ಮನೆಯವರು ಇದ್ದಲಿನ ಮಾತು ಆಡಿದ್ದರೋ ಇಲ್ಲವೋ!

ಕುಂಚದ ನಡೆಯನ್ನೂ ನೋಡಬೇಕು. ಬಂಡೆಗಳಲ್ಲಿ ಗೀರುಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ, ಕಲ್ಲು ಸೀಳಿದ ದಾರಿಯನ್ನೇ ಹಿಡಿದು. ನೀರಿನಲ್ಲಿ ಬಾಗಿದ ಚಿಕ್ಕ ಚಿಕ್ಕ ಗೀರುಗಳು, ಒಂದರ ಬೆನ್ನ ಮೇಲೆ ಒಂದು. ಎರಡೂ ಸೇರುವ ಬುಡದಲ್ಲಿ ಬಿಳಿ. ಕಣ್ಣು ಬಂಡೆಯ ಮೇಲೆ ಜಾರಿದರೆ ನೀರಿಗೆ ಬೀಳುತ್ತದೆ. ನೀರಿನಲ್ಲಿ ತೇಲಿದರೆ ಮತ್ತೆ ಬಂಡೆಗೆ ಬಡಿಯುತ್ತದೆ. ವಿಶ್ರಾಂತಿಯಿಲ್ಲ. ಇನ್ನು ಬಣ್ಣ. ದೂರದಿಂದ ಕಪ್ಪೆಂದು ತೋರುವ ಬಂಡೆಯನ್ನು ಹತ್ತಿರ ನಿಂತು ನೋಡಿದರೆ ಅದರಲ್ಲಿ ಕಪ್ಪಿಲ್ಲ. ನೇರಿಳೆ, ಗಾಢವಾದ ನೀಲಿ, ಪಾಚಿಯ ಹಸುರು, ಒಣಗಿದ ರಕ್ತದಂಥ ಕೆಂಪು, ನಡುನಡುವೆ ಕಂದು, ಇವೆಲ್ಲ ಮಗ್ಗುಲುಮಗ್ಗುಲಾಗಿ ನಿಂತು ದೂರಕ್ಕೆ ಕತ್ತಲೆಯಾಗಿವೆ. ಆ ಕಾಲಕ್ಕಾಗಲೇ ಮೊನೆಯೂ ಅವನ ಸಂಗಡಿಗರೂ ಕಪ್ಪುಬಣ್ಣವನ್ನು ಬಹುಮಟ್ಟಿಗೆ ದೂರವಿಟ್ಟಿದ್ದರು. ನೀರೂ ಕತ್ತಲೆಯ ನೀರಲ್ಲ. ನವಿಲ ಕೊರಳಿನ ಬಣ್ಣವುಳ್ಳದ್ದು. ಇದನ್ನು ಕಂಡುಕೊಳ್ಳಲು ನಮಗೆ ಎರಡು ವರ್ಷ ಹಿಡಿಯಿತು. ನಮ್ಮ ಗೃಹಿಣಿಯವರಿಗೆ ತೋರಿಸಿದಾಗ, “ಇದ್ದಲಿನಲ್ಲೂ ಬಿಸಿಲಿಗೆ ಹಿಡಿದರೆ ಹೀಗೆಯೇ ಬಣ್ಣ ಕಾಣುತ್ತದೆ” ಎಂದರು; ಅದೂ ನಿಜವೇ.

ನಮ್ಮ ಆಲಂಕಾರಿಕರ ಲೆಕ್ಕಕ್ಕೆ ಇಂಥ ಚಿತ್ರ ಸುಲಭವಾಗಿ ಒಗ್ಗದು. ಬೆಳದಿಂಗಳು, ತಂಗಾಳಿ, ಹೊಳೆಯ ತೀರ ಇವೆಲ್ಲ ಅವರಿಗೆ ಉದ್ದೀಪನ ವಿಭಾವಗಳು. ಹೊತ್ತಿದ ಉರಿಗೆ ಗಾಳಿ ಬೀಸುವಂಥವು. ಉರಿ ಹೊತ್ತಬೇಕಾದರೆ ಆಲಂಬನವಾಗಿ ನಾಯಕನೋ ನಾಯಿಕೆಯೋ ಇರಬೇಕು. ಇಲ್ಲಿ ಯಾರಿದ್ದಾರೆ? ಭಯಾನಕವೆನ್ನೋಣವೆಂದರೆ ಹೆದರುವವನಿಲ್ಲ, ಅದ್ಭುತವೆನ್ನೋಣವೆಂದರೆ ಬೆರಗಾಗುವವನಿಲ್ಲ. ನೋಡುವ ನಾವೇ ಆ ಜಾಗದಲ್ಲಿ ಹೋಗಿ ನಿಲ್ಲಬೇಕಾಗುತ್ತದೆ. ಹಾಗೆ ನಿಲ್ಲುವವರು ಬರಿಗೈಯಲ್ಲಿ ಹೋಗುವುದಿಲ್ಲ, ತಮ್ಮ ತಮ್ಮ ಗಂಟನ್ನು ಹೊತ್ತೇ ಹೋಗುತ್ತಾರೆ ಎಂಬುದು ಆ ಕಾಲಕ್ಕೆ ನಮಗೆ ತಿಳಿದಿರಲಿಲ್ಲ.

ನಮ್ಮ ಅಕ್ಕನನ್ನು ಕುಮಟೆಯ ಕಡೆಗೆ ಕೊಟ್ಟಿತ್ತು. ನಾವು ಹುಟ್ಟಿ ಬೆಳೆದದ್ದು ಸಾಗರದ ಸೀಮೆಯಲ್ಲಿ. ಊರಿನ ಹೆಸರು ಸಾಗರವಾದರೂ ಅಲ್ಲಿ ಕಡಲಿಲ್ಲ. ಮಳೆಯನ್ನು ಬಲ್ಲೆವು, ಕಡಲನ್ನು ಅರಿಯೆವು. ಅಕ್ಕ ಮದುವೆಯಾಗಿ ಘಟ್ಟ ಇಳಿದವಳು ಮೂವತ್ತೆರಡು ವರ್ಷ ಕಡಲಿನ ಸದ್ದಿನಲ್ಲೇ ಸಂಸಾರ ಮಾಡಿದಳು. ಭಾವನವರು ಶಾಲೆಯ ಮಾಸ್ತರರು. ಮಿತಭಾಷಿಗಳು. ಅವರಿಗಿದ್ದ ಒಂದೇ ಒಂದು ಚಟವೆಂದರೆ ಗಾಳ ಹಾಕುವುದು. ನಿವೃತ್ತರಾದ ಮೇಲೆ ಅದು ಚಟವಾಗಿ ಉಳಿಯದೆ ನಿತ್ಯಕರ್ಮವಾಯಿತು. ಮನೆಯಿಂದ ಕೂಗಳತೆಯಲ್ಲಿ ಕಡಲಿಗೆ ಚಾಚಿದ ಬಂಡೆಗಳಿವೆ. ಬಿಸಿಲು ಇಳಿದ ಮೇಲೆ ಹೋಗಿ, ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಮೂರು ವರ್ಷಗಳ ಹಿಂದೆ ಕಾರ್ತಿಕ ಮಾಸದ ಒಂದು ಸಂಜೆ, ಗಾಳಿಯಿಲ್ಲ, ಮಳೆಯಿಲ್ಲ, ಕಡಲು ಹಾಲಿನಂತೆ ಇತ್ತಂತೆ. ಎಲ್ಲಿಂದಲೋ ಒಂದು ಅಲೆ ಬಂಡೆಯ ಮೇಲೇರಿ ಬಂದಿತು. ಪಕ್ಕದ ಬಂಡೆಯಲ್ಲಿದ್ದ ಹುಡುಗರು ಕಂಡು ಕೂಗಿದರು. ಮೂರನೆಯ ದಿನ ಎರಡು ಮೈಲಿ ತೆಂಕಲಿಗೆ ಮರಳಿನ ಮೇಲೆ ಸಿಕ್ಕಿದರು.

ವರ್ಷಾಂತಿಕವೆಲ್ಲ ಮುಗಿದ ಮೇಲೆ, ಮಕ್ಕಳಿಲ್ಲದ ಅಕ್ಕನನ್ನು ಕೆಲವು ತಿಂಗಳಾದರೂ ನಮ್ಮ ಮೈಸೂರಿನ ಮನೆಗೆ ಕರೆತರುವುದೆಂದು ನಿಶ್ಚಯಿಸಿದೆವು. ಅವಳು ಬರುವ ಹಿಂದಿನ ರಾತ್ರಿ ಊಟ ಮುಗಿಸಿ ಕುಳಿತಿದ್ದಾಗ, ನಾವೂ ಗೃಹಿಣಿಯವರೂ ಒಂದೇ ಬಾರಿಗೆ ತಲೆಯೆತ್ತಿ ಆ ಪಟವನ್ನು ನೋಡಿದೆವು. ಮಾತಿಲ್ಲ. ಅವರು ಸ್ಟೂಲು ತಂದರು, ನಾವು ಹತ್ತಿ ಪಟವನ್ನು ಇಳಿಸಿದೆವು. ಹಳೆಯ ಸೀರೆಯೊಂದರಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟೆವು. ಬಹಳ ಒಳ್ಳೆಯ ಕೆಲಸ ಮಾಡಿದೆವೆಂದು ಇಬ್ಬರಿಗೂ ತೃಪ್ತಿಯಾಯಿತು.

ಅಕ್ಕ ಬಂದಳು. ಮೊದಲಿನಂತೆಯೇ ಕೆಲಸಕ್ಕೆ ಕೈ ಹಾಕಿದಳು. ಮಕ್ಕಳ ಬಟ್ಟೆಗೆ ಗುಂಡಿ ಹೊಲಿದಳು. ಮೈಸೂರಿನ ತೆಂಗಿನಕಾಯಿಗೆ ರುಚಿಯಿಲ್ಲವೆಂದಳು. ಭಾವನವರ ಮಾತನ್ನು ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಮನೆಯಲ್ಲಿ ಎಲ್ಲರೂ ಒಂದು ಮಾತಿನ ಸುತ್ತ ಕಾಲು ಸರಿಸಿ ನಡೆಯುತ್ತಿದ್ದೆವು. ಮಕ್ಕಳಿಗೂ ಕಟ್ಟಪ್ಪಣೆಯಾಗಿತ್ತು: ಕಡಲು, ಮೀನು, ಅಲೆ ಎಂಬ ಶಬ್ದಗಳು ಬಾಯಲ್ಲಿ ಬರಕೂಡದು. ಕಿರಿಯವನು ಭೂಗೋಳದ ಪಾಠವನ್ನು ಗಟ್ಟಿಯಾಗಿ ಓದುವಾಗ ಅರಬ್ಬೀ ಎಂದು ಹೇಳಿ, ಮುಂದಿನ ಶಬ್ದವನ್ನು ನುಂಗಿ, ನಮ್ಮ ಮುಖ ನೋಡುತ್ತಿದ್ದನು. ಅದನ್ನು ಅಕ್ಕ ನೋಡದಿದ್ದಳೆಂದು ನಾವು ನಂಬಿದ್ದೆವು.

ಹನ್ನೆರಡನೆಯ ದಿನವಿರಬೇಕು. ನಾವು ಕಚೇರಿಯಿಂದ ಬಂದಾಗ ಅಕ್ಕ ನಡುಮನೆಯಲ್ಲಿ ಒಬ್ಬಳೇ ಕುಳಿತು ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ತಲೆಯೆತ್ತದೆಯೇ ಕೇಳಿದಳು:

“ತಮ್ಮಾ, ಈ ಗೋಡೆಯ ಮೇಲೆ ಏನಿತ್ತು?”

ಗೋಡೆಯನ್ನು ನೋಡಿದೆವು. ಸುಣ್ಣದ ಬಣ್ಣ ಸುತ್ತಲೂ ಮಾಸಿದ್ದು, ಪಟವಿದ್ದಷ್ಟು ಚೌಕ ಮಾತ್ರ ಹೊಸದಾಗಿ, ಬೆಳ್ಳಗೆ, ಎಲ್ಲರ ಕಣ್ಣಿಗೆ ಹೊಡೆಯುವಂತೆ ಕುಳಿತಿತ್ತು. ಮೇಲೆ ಮೊಳೆ. ಪಟವನ್ನು ಬಚ್ಚಿಟ್ಟ ಜಾಣರು ಗೋಡೆಯನ್ನು ಬಚ್ಚಿಡುವುದನ್ನು ಮರೆತಿದ್ದೆವು.

“ಒಂದು ಪಟ ಇತ್ತು. ಗಾಜು ಸಡಿಲವಾಗಿತ್ತು, ತೆಗೆದಿಟ್ಟಿದ್ದೇವೆ” ಎಂದೆವು.

“ಮಂಚದ ಕೆಳಗೆ ಗುಡಿಸುವಾಗ ನೋಡಿದೆ. ಗಾಜು ಗಟ್ಟಿಯಾಗಿಯೇ ಇದೆ.” ಸ್ವಲ್ಪ ತಡೆದು, “ತಾ, ಇಲ್ಲಿ ಬೆಳಕಿದೆ” ಎಂದಳು.

ತಂದೆವು. ಒಲೆಯ ಬಳಿಯಿದ್ದ ಗೃಹಿಣಿಯವರು ಬಾಗಿಲಲ್ಲಿ ಬಂದು ನಿಂತರು. ಅಕ್ಕ ಮೊರವನ್ನು ಪಕ್ಕಕ್ಕೆ ಸರಿಸಿ, ಪಟವನ್ನು ಮಡಿಲಲ್ಲಿಟ್ಟುಕೊಂಡು, ಕನ್ನಡಕವನ್ನು ಸೆರಗಿನಿಂದೊರಸಿ ನೋಡತೊಡಗಿದಳು. ಎಷ್ಟು ಹೊತ್ತು ನೋಡಿದಳೆಂದರೆ ನಮಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಏನಾದರೂ ಮಾತನಾಡಬೇಕೆಂದು, ನಾವು ಓದಿದ್ದನ್ನೆಲ್ಲ ಹೇಳಲಾರಂಭಿಸಿದೆವು. ಚಿತ್ರಕಾರನು ಬೇಕೆಂದೇ ದೋಣಿಯನ್ನಾಗಲಿ ಜನರನ್ನಾಗಲಿ ಬರೆಯದೆ ಬಿಟ್ಟಿದ್ದಾನೆ, ನಿರ್ಜನತೆಯ ಛಾಯೆ ಬರಲೆಂದು, ಎಂದೆವು.

“ಹಾಗಲ್ಲ” ಎಂದಳು ಅಕ್ಕ. “ಬುಡದಲ್ಲಿ ನೊರೆ ನೋಡು, ಎಲ್ಲ ಕಡೆಗೂ ಇದೆ. ಇಂಥ ನೀರಿಗೆ ಯಾರೂ ದೋಣಿ ಇಳಿಸುವುದಿಲ್ಲ. ಇಲ್ಲದ ದೋಣಿಯನ್ನು ಅವನು ಎಲ್ಲಿಂದ ಬರೆದಾನು?”

ಆರು ವರ್ಷ ಈ ಪಟವನ್ನು ನೋಡಿದ ನಮಗೆ ಈ ಮಾತು ಹೊಳೆದಿರಲಿಲ್ಲ. ಅವನು ಬರೆದದ್ದು ಯಾವ ತಿಂಗಳಲ್ಲಿ ಎಂದು ಕೇಳಿದಳು. 1886ರ ಸೆಪ್ಟೆಂಬರ್ 12ಕ್ಕೆ ದ್ವೀಪಕ್ಕೆ ಬಂದವನು ನವೆಂಬರ್ 25ರ ವರೆಗೆ ಇದ್ದನೆಂದೂ, ನಮ್ಮ ಲೆಕ್ಕಕ್ಕೆ ಭಾದ್ರಪದದಿಂದ ಕಾರ್ತಿಕದ ವರೆಗೆ ಎನ್ನಬಹುದೆಂದೂ ಹೇಳಿದೆವು. ಕಾರ್ತಿಕವೆಂಬ ಶಬ್ದ ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆವು. ಅಕ್ಕ ಸುಮ್ಮನೆ ತಲೆದೂಗಿದಳು. ನಮ್ಮಲ್ಲಿ ಆ ತಿಂಗಳುಗಳಲ್ಲಿ ಕಡಲು ಮಲಗುತ್ತ ಬರುತ್ತದೆ, ಅಲ್ಲಿ ಏಳುತ್ತ ಹೋಗುತ್ತದೆ ಎಂದು ತೋರುತ್ತದೆ, ಎಂದಳು. ಭರತ ಇಳಿತಗಳ ವಿಚಾರ ವಿಚಾರಿಸಿದಳು. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಅಲ್ಲಿ ನೀರು 5 ಮೀಟರಿನಷ್ಟು ಏರಿ ಇಳಿಯುವುದೆಂದೂ, ನಮ್ಮ ಕಾರವಾರ ಕುಮಟೆಗಳಲ್ಲಿ ಅದು 2 ಮೀಟರಿನ ಆಸುಪಾಸೆಂದೂ ಹೇಳಿದಾಗ, “ಹಾಗಾದರೆ ಅವನಿಗೆ ಬಹಳ ಕಷ್ಟವಾಗಿರಬೇಕು. ಬರೆಯುತ್ತಿರುವಾಗಲೇ ಕಲ್ಲು ಮುಳುಗಿಹೋಗುತ್ತದಲ್ಲ” ಎಂದಳು.

ಅದು ಹಾಗೆಯೇ ಇತ್ತು. ಹದಿನೈದು ದಿನವಿದ್ದು ಬರುವೆನೆಂದು ಹೋದವನು ಹತ್ತು ವಾರ ಕಳೆದರೂ ಹಿಂದಿರುಗದಿರಲು ಕಾರಣ ಅದೇ. ನೀರು ಏರಿದರೆ ಒಂದು ಚಿತ್ರ, ಇಳಿದರೆ ಇನ್ನೊಂದು. ಮೋಡಕ್ಕೆ ಒಂದು, ಬಿಸಿಲಿಗೆ ಒಂದು. ಒಂದೇ ಬಂಡೆಯೆದುರಿಗೆ ಹಲವು ಕಿತ್ತಾನುಗಳನ್ನಿಟ್ಟುಕೊಂಡು, ಹವೆಗೆ ತಕ್ಕಂತೆ ಒಂದನ್ನಿಳಿಸಿ ಇನ್ನೊಂದನ್ನೇರಿಸುತ್ತಿದ್ದನು. ಮುಂದೆ 1890ರ ಹೊತ್ತಿಗೆ ಹುಲ್ಲಿನ ಮೆದೆಗಳನ್ನೂ ಅದರ ತರುವಾಯ ರುವಾಂ ನಗರದ ಇಗರ್ಜಿಯನ್ನೂ ಇಪ್ಪತ್ತು ಮೂವತ್ತು ಸಲ ಬರೆದು ಹೆಸರಾದ ಪದ್ಧತಿಗೆ ಅಭ್ಯಾಸವಾದದ್ದು ಈ ಕಲ್ಲುಗಳ ಮುಂದೆ. ದ್ವೀಪದಿಂದ ಹೊರಡುವ ಹೊತ್ತಿಗೆ ಸುಮಾರು 40 ಚಿತ್ರಗಳಾಗಿದ್ದುವು. ಎಲ್ಲ ಮುಗಿದವಲ್ಲ, ಮನೆಯಲ್ಲಿ ಕುಳಿತು ತಿದ್ದಿದ್ದೂ ಉಂಟು. ಅಲ್ಲಿ ಅವನನ್ನು ಆಕಸ್ಮಿಕವಾಗಿ ಸಂಧಿಸಿದ ಗುಸ್ತಾವ್ ಜೆಫ್ರುವಾ ಎಂಬ ಬರಹಗಾರನು ಕಂಡ ನೋಟ ಪ್ರಸಿದ್ಧವಾಗಿದೆ: ಬೂಟುಗಳನ್ನು ಮೆಟ್ಟಿ, ಉಣ್ಣೆಯ ಅಂಗಿಗಳನ್ನು ಒಂದರ ಮೇಲೊಂದು ತೊಟ್ಟು, ಅದರ ಮೇಲೆ ಕುಲಾವಿಯುಳ್ಳ ಎಣ್ಣೆಬಟ್ಟೆಯ ನಿಲುವಂಗಿ ಹೊದ್ದು ಮೊನೆ ಬರೆಯುತ್ತಿದ್ದನು, ಗಾಳಿ ಕೈಯಿಂದ ಬಣ್ಣದ ಹಲಗೆಯನ್ನೇ ಕಸಿಯುತ್ತಿದ್ದಿತು, ಚಿತ್ರದ ನಿಲುಗಾಲನ್ನು ಹಗ್ಗ ಬಿಗಿದು ಕಲ್ಲು ಹೇರಿ ನಿಲ್ಲಿಸಬೇಕಾಗಿತ್ತು.

ಅವನ ಚಿತ್ರಗಳನ್ನು ಮಾರಿಕೊಡುತ್ತಿದ್ದ ಡ್ಯುರಾನ್-ರುಯೆಲ್ ಎಂಬ ವರ್ತಕನಿಗೆ ಇದೇನೂ ಹಿಡಿಸಿರಲಿಲ್ಲ. ನಿಮ್ಮ ಕೈಗೆ ಒಗ್ಗಿದ್ದು ಬಿಸಿಲು, ಆ ಕತ್ತಲೆಯ ಸೀಮೆಯಲ್ಲಿ ನಿಮಗೇನು ಕೆಲಸ ಎಂಬುದು ಅವನ ಅಭಿಪ್ರಾಯ. ಬಿಸಿಲಿನ ಚಿತ್ರಗಳು ಖರ್ಚಾಗುತ್ತವೆ. ಸಂಸಾರಸ್ಥರ ನಡುಮನೆಗೆ ಅವು ಒಪ್ಪುತ್ತವೆ. ಮೊನೆ ಅಕ್ಟೋಬರಿನಲ್ಲಿ ಅವನಿಗೆ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ಈ ಘೋರವಾದ ಸೀಮೆ ತನಗೆ ಹಿಡಿದಿದೆ, ಏಕೆಂದರೆ ತನಗೆ ರೂಢಿಯಾದುದರಿಂದ ತನ್ನನ್ನು ಆಚೆಗೆ ಎಳೆಯುತ್ತಿದೆ, ಒಂದೇ ಸ್ವರವನ್ನು ಹಿಡಿದು ಕೂತರೆ ಆಗದು. ಇದನ್ನೆಲ್ಲ ಹೇಳುವಾಗ ನಮ್ಮ ಗೃಹಿಣಿಯವರು, “ಆ ವರ್ತಕನ ಮಾತಿನಲ್ಲಿ ತಪ್ಪೇನಿದೆ?” ಎಂದರು. ಅಕ್ಕ ನಕ್ಕಳು. ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಆ ನಗೆಯಿಂದ ನಮಗೆ ಧೈರ್ಯ ಬಂದು ಇನ್ನೊಂದು ಸಂಗತಿಯನ್ನು ಹೇಳಿದೆವು. ಮೊನೆ ಆ ಬಂಡೆಗಳಿಗೆ ಒಬ್ಬನೇ ಹೋಗುತ್ತಿರಲಿಲ್ಲ. ಸಾಮಾನು ಹೊರಲು ಆ ಊರಿನವನೇ ಒಬ್ಬನನ್ನು ಗೊತ್ತುಮಾಡಿಕೊಂಡಿದ್ದನು. ಹಿಂದೆ ದೊಡ್ಡ ಜಾತಿಯ ಸಿಗಡಿಗಳನ್ನು ಹಿಡಿಯುತ್ತಿದ್ದ ಬೆಸ್ತ. ಕರೆಯ ಕಲ್ಲುಕಲ್ಲನ್ನೂ ಬಲ್ಲವನು. ಕಿತ್ತಾನುಗಳನ್ನು ಹೊತ್ತು ಅವನು ಜೊತೆಗೆ ಬರುತ್ತಿದ್ದನು. ಅವನ ಹೆಸರು ಇಪೊಲೀತ್ ಗಿಯೋಮ್. ಎಲ್ಲರೂ ಕರೆಯುತ್ತಿದ್ದುದು ಪೋಲಿಯೆಂದು.

“ಪೋಲಿಯೇ?” ಎಂದು ಬಾಗಿಲಿನಿಂದ ಕಿರಿಯವನ ಧ್ವನಿ ಬಂದಿತು. ಅವನು ಯಾವಾಗ ಬಂದು ನಿಂತಿದ್ದನೋ!

ಹೆಸರು ಪೋಲಿಯಾದರೂ ಮನುಷ್ಯ ಬಹಳ ನಂಬಿಕೆಯವನೆಂದೂ, ಮೊನೆ ಅವನ ಮುಖವನ್ನೇ ಒಂದು ಚಿತ್ರವಾಗಿ ಬರೆದನೆಂದೂ, ಅದು ಈಗ ಪ್ಯಾರಿಸಿನ ಮಾರ್ಮೊತ್ತಾಂ ಸಂಗ್ರಹಾಲಯದಲ್ಲಿದೆಯೆಂದೂ ಹೇಳಿದೆವು. ಕೆಂಪೇರಿದ ಮುಖ, ಗಡ್ಡ, ತಲೆಗೊಂದು ಟೋಪಿ. ಆ ದ್ವೀಪದಲ್ಲಿ ಮೊನೆ ಬರೆದ ನಲವತ್ತರಲ್ಲಿ ಮನುಷ್ಯನ ಮುಖವೆಂದು ಇರುವುದು ಅದೊಂದೇ ಎಂದು ನಾವು ಓದಿದ್ದ ನೆನಪು.

ಅಕ್ಕ ಪಟದ ಕೆಳಗಿನ ಅಂಚಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು:

“ಇವನು ಎಲ್ಲಿ ನಿಂತು ಬರೆದದ್ದು? ಕಾಲ ಕೆಳಗೆ ನೆಲವನ್ನೇ ಬರೆದಿಲ್ಲವಲ್ಲ.”

ನಮ್ಮ ಪಾಂಡಿತ್ಯವೆಲ್ಲ ಆ ಒಂದು ಪ್ರಶ್ನೆಯ ಮುಂದೆ ನಿಂತುಹೋಯಿತು. ಆರು ವರ್ಷ ನಮ್ಮನ್ನು ಅಳುಕಿಸಿದ್ದು ಅದೇ ಎಂದು ಆ ಕ್ಷಣಕ್ಕೆ ತಿಳಿಯಿತು. ಇತರರು ಬರೆದ ಕಡಲಿನ ಚಿತ್ರಗಳಲ್ಲಿ ಮುಂಭಾಗದಲ್ಲಿ ಒಂದಿಷ್ಟು ಮರಳೋ ಹುಲ್ಲೋ ಕಲ್ಲುಹಾಸೋ ಇರುತ್ತದೆ. ನೋಡುವವನು ಅಲ್ಲಿ ಕಾಲೂರಿ ನಿಂತು ಆಚೆಗೆ ನೋಡುತ್ತಾನೆ. ಇಲ್ಲಿ ಚೌಕಟ್ಟಿನ ಅಂಚಿನಿಂದಲೇ ನೀರು ಆರಂಭವಾಗುತ್ತದೆ. ನೋಡುವವನಿಗೆ ಕಾಲಿಡಲು ತಾವಿಲ್ಲ.

“ಮೇಲೆ ನಿಂತಿದ್ದ. ದಿಬ್ಬದ ನೆತ್ತಿಯಲ್ಲಿ” ಎಂದು ಅವಳೇ ಉತ್ತರ ಹೇಳಿದಳು. “ಮೇಲಿನಿಂದ ನೋಡಿದರೇನೇ ನೀರು ಹೀಗೆ ಎದ್ದು ನಿಂತ ಹಾಗೆ ಕಾಣುವುದು. ನಾನು ನೋಡಿದ್ದೇನೆ. ಮೇಲೆ ನಿಂತವರಿಗೆ ಏನೂ ಆಗುವುದಿಲ್ಲ ತಮ್ಮಾ. ಅವರು ಕೆಳಗೆ ನಿಂತಿದ್ದರು.”

ಮನೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಅಕ್ಕ ಪಟವನ್ನೇ ನೋಡುತ್ತಾ ಹೇಳತೊಡಗಿದಳು. ಕೆಳಗೆ ಹೋಗಬೇಡಿರೆಂದು ತಾನು ಎಷ್ಟು ಸಲ ಹೇಳಿದ್ದಳು, ಅವರು ನಗುತ್ತಿದ್ದರು, ಆ ದಿನ ಮಾತ್ರ ಹೇಳಿರಲಿಲ್ಲ, ಏಕೆಂದರೆ ಆ ದಿನ ಕಡಲು ಅಷ್ಟು ಶಾಂತವಾಗಿತ್ತು. ಹೊರಡುವಾಗ ತಾಂಬೂಲದ ಡಬ್ಬಿ ಮರೆತು ಹೋಗಿದ್ದರು. ಹಿಂದೆಯೇ ಓಡಿ ಕೊಟ್ಟು ಬರೋಣವೆಂದುಕೊಂಡವಳು ಒಲೆಯ ಮೇಲೆ ಹಾಲಿದ್ದುದರಿಂದ ಹೋಗಲಿಲ್ಲ. ಒಂದೂವರೆ ವರ್ಷದಿಂದ ಈ ಹಾಲಿನ ಮಾತನ್ನು ಅವಳು ಯಾರೊಡನೆಯೂ ಆಡಿರಲಿಲ್ಲ. ಅವಳ ಮನೆಗೆ ಬಂದವರೆಲ್ಲ ನಮ್ಮ ಹಾಗೆಯೇ ಒಳ್ಳೆಯವರು. ಕಡಲಿನ ಕಡೆಯ ಕಿಟಕಿಯನ್ನು ಮುಚ್ಚಿ, ಬೇರೆ ಮಾತು ತೆಗೆದು, ಕಾಫಿ ಕುಡಿದು ಹೋಗಿದ್ದರು. ನಮ್ಮ ಗೃಹಿಣಿಯವರು ಬಂದು ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ದೀಪ ಹಚ್ಚುವ ಹೊತ್ತು ಮೀರಿದ್ದು ಯಾರಿಗೂ ಅರಿವಾಗಲಿಲ್ಲ.

ಕತ್ತಲಾದ ಮೇಲೆ ಅಕ್ಕ ಕಣ್ಣೊರಸಿಕೊಂಡು, “ಆ ಪೋಲಿಯಂಥವನೊಬ್ಬ ಜೊತೆಗಿರಬೇಕಾಗಿತ್ತು” ಎಂದಳು. ತರುವಾಯ ಪಟವನ್ನು ನಮ್ಮ ಕೈಗೆ ಕೊಟ್ಟು, “ಇದ್ದಲ್ಲಿಯೇ ಹಾಕು. ಗೋಡೆ ಬೋಳಾಗಿ ಕಾಣುತ್ತದೆ” ಎಂದಳು.

ಆ ರಾತ್ರಿಯೇ ಹಾಕಿದೆವು. ಸ್ಟೂಲು ಹಿಡಿದವರು ಗೃಹಿಣಿಯವರು. ಪಟ ಓರೆಯಾಗಿದೆಯೆಂದು ಮೂರು ಸಲ ಇಳಿಸಿ ಏರಿಸಿದವಳು ಅಕ್ಕ. ಅಲ್ಲಿಂದ ಮುಂದೆ ಅವಳು ಮಧ್ಯಾಹ್ನದ ಹೊತ್ತು ಅದರ ಕೆಳಗೆ ಕುಳಿತು ಬತ್ತಿ ಹೊಸೆಯುತ್ತಿದ್ದಳು. ಪಡುವಣ ಕಿಟಕಿಯಿಂದ ಸಂಜೆಯ ಬಿಸಿಲು ಬಂದು ಗಾಜಿನ ಮೇಲೆ ಬಿದ್ದಾಗ ಬಂಡೆಗಳ ನೇರಿಳೆ ಹೊತ್ತಿಕೊಳ್ಳುತ್ತಿತ್ತು. ಆ ಕರೆಯೂ ಪಶ್ಚಿಮಕ್ಕೆ ಮುಖವಾದದ್ದು, ಕುಮಟೆಯೂ ಹಾಗೆಯೇ. ಎರಡು ಕಡೆಯೂ ಸೂರ್ಯ ನೀರಿಗೇ ಇಳಿಯುವವನು. ಕಿರಿಯವನು ಅರಬ್ಬೀ ಸಮುದ್ರವನ್ನು ಪೂರ್ತಿಯಾಗಿ, ಬೇಕಾದುದಕ್ಕಿಂತ ಗಟ್ಟಿಯಾಗಿ ಓದಲಾರಂಭಿಸಿದನು. ಭಾವನವರ ಗಾಳದ ಕಥೆಗಳನ್ನು ಅಕ್ಕನ ಬಾಯಿಂದ ಕೇಳಿ ಕೇಳಿ, ಯಾವ ಮೀನಿಗೆ ಯಾವ ಎರೆಯೆಂಬುದು ಮೈಸೂರಿನ ಈ ಮಕ್ಕಳಿಗೆ ಬಾಯಿಪಾಠವಾಗಿದೆ.

ಜ್ಯೇಷ್ಠಮಾಸ ಹತ್ತಿರವಾದಾಗ ಅಕ್ಕ ಊರಿಗೆ ಹೊರಟಳು. ಮಳೆಗೆ ಮುಂಚೆ ಮಾಡಿಗೆ ಹೆಂಚು ಕೈಯಾಡಿಸಬೇಕು, ಸೌದೆ ಒಳಗೆ ಹಾಕಿಸಬೇಕು, ಇನ್ನು ನಿಲ್ಲುವುದಿಲ್ಲ ಎಂದಳು. ಇಲ್ಲಿಯೇ ಇರು ಎಂದು ನಾವು ಎಷ್ಟು ಹೇಳಿದರೂ ಕೇಳಲಿಲ್ಲ. ಹೋಗುವಾಗ ಪಟವನ್ನು ತೆಗೆದುಕೊಂಡು ಹೋಗುವೆಯಾ ಎಂದು ಕೇಳಿದೆವು; ನಾಚಿಕೆ ಬಿಟ್ಟು ಹೇಳುವುದಾದರೆ, ಬೇಡವೆನ್ನಲಿ ಎಂದು ಆಸೆಯೂ ಇತ್ತು.

“ನನಗೇಕೆ? ಕಿಟಕಿ ತೆಗೆದರೆ ಕಾಣುತ್ತದಲ್ಲ” ಎಂದಳು.

ಈಚೆಗೆ ವಾರಕ್ಕೊಮ್ಮೆ ದೂರವಾಣಿಯಲ್ಲಿ ಮಾತಾಡುತ್ತೇವೆ. ಮೊದಲೆಲ್ಲ ಆರೋಗ್ಯ, ಅಡಕೆ, ಮಳೆ ಇವಿಷ್ಟೇ ವಿಚಾರಿಸುತ್ತಿದ್ದೆವು. ಈಗ ಕಡಲು ಹೇಗಿದೆ ಎಂದೂ ಕೇಳುತ್ತೇವೆ. ಮೊನ್ನೆ ಕೇಳಿದಾಗ ಅವಳ ಮಾತಿನ ಹಿಂದೆ ಗಾಳಿಯ ಸದ್ದು ಬಹಳವಾಗಿತ್ತು.

“ಬೆಳಿಗ್ಗೆ ಬೂದಿಯ ಬಣ್ಣ ಇತ್ತು. ಈಗ ಒಂದಿಷ್ಟು ಬಿಸಿಲು ಬಂದು ನಿಮ್ಮ ಪಟದ ಬಣ್ಣಕ್ಕೆ ತಿರುಗಿದೆ” ಎಂದಳು. “ಹೆದರಬೇಡ, ನಾನು ಮೇಲೆಯೇ ನಿಂತಿದ್ದೇನೆ.”